ವರ್ಸಾಮಾರ್ಕ್ ಪ್ಯಾಡ್: ಕೊಡಗಿನ ಚಳಿಗಾಲದ ಕಾರ್ಡಿಗೆ ಬಣ್ಣವಿಲ್ಲದ ಇಂಕು

ಮಡಿಕೇರಿಯ ಡಿಸೆಂಬರ್ ಮಂಜನ್ನು ಶುಭಾಶಯ ಪತ್ರದ ಮೇಲೆ ಕೂರಿಸಲು ಬಣ್ಣದ ಇಂಕಿಗಿಂತ ಬಣ್ಣವೇ ಇಲ್ಲದ ಇಂಕು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜಪಾನಿನ ತ್ಸುಕಿನೆಕೊ ಕಂಪನಿಯ ವರ್ಸಾಮಾರ್ಕ್ ಅಂಥದ್ದು. ಅಂಟು ಜಾಸ್ತಿ, ಒಣಗುವುದು ನಿಧಾನ. ಆ ನಿಧಾನವೇ ಇದರ ಗುಣ: ಮುದ್ರೆ ಒತ್ತಿ ಎಂಬಾಸಿಂಗ್ ಪೌಡರ್ (ಬಿಸಿಗೆ ಕರಗಿ ಉಬ್ಬು ಗೆರೆಯಾಗುವ ಪುಡಿ) ಉದುರಿಸುವವರೆಗೂ ಹಸಿಯಾಗಿಯೇ ಇರುತ್ತದೆ. ಕಚೇರಿಯ ಸ್ಟ್ಯಾಂಪ್ ಪ್ಯಾಡಿನ ಇಂಕನ್ನು ಕಾಗದ ಬೇಗ ಹೀರಿಕೊಂಡುಬಿಡುತ್ತದೆ, ಪೌಡರ್ ಅಲ್ಲಲ್ಲಿ ಮಾತ್ರ ಹಿಡಿದು ಗೆರೆ ಕಡಿದುಹೋಗುತ್ತದೆ.

ಕೊಡಗಿನಲ್ಲಿ ತೊಂದರೆ ಕೊಡುವುದು ಪ್ಯಾಡ್ ಅಲ್ಲ, ಕಾಗದ. ಮಳೆಗಾಲವಿಡೀ ಕಪಾಟಿನಲ್ಲಿದ್ದ ಹಾಳೆಯಲ್ಲಿ ತೇವ ಉಳಿದೇ ಇರುತ್ತದೆ. ಬಿಸಿ ತಾಗಿದೊಡನೆ ಆ ನೀರು ಆವಿಯಾಗಿ, ಕರಗಿದ ಪೌಡರಿನಡಿ ಗುಳ್ಳೆ ಎಬ್ಬಿಸುತ್ತದೆ. ಕಾರ್ಡ್ ದೋಣಿಯಂತೆ ಬಾಗುತ್ತದೆ. ಆದ್ದರಿಂದ ಮುದ್ರೆಗೆ ಮೊದಲೇ, ಬಿಸಿ ಗಾಳಿ ಊದುವ ಹೀಟ್ ಗನ್ನಿನಿಂದ ಎರಡೂ ಬದಿಗೆ ಸುಮಾರು 10 ಸೆಕೆಂಡು ಬಿಸಿ ಕೊಡಿ. ಪೂರ್ತಿ ಆರಿದ ಮೇಲೆ ಟಾಲ್ಕಂ ಪೌಡರ್ ಕಟ್ಟಿದ ಬಟ್ಟೆಗಂಟಿನಿಂದ ಮೆಲ್ಲಗೆ ಒರೆಸಿ. ಇದೊಂದನ್ನು ಮಾಡದಿದ್ದರೆ ಎಂಥ ಒಳ್ಳೆಯ ಪ್ಯಾಡೂ ಪ್ರಯೋಜನವಿಲ್ಲ.

ಈ ಪ್ಯಾಡಿನ ನಿಜವಾದ ಚೆಲುವು ಜಲವರ್ಣದ ಜೊತೆ ಕಾಣುತ್ತದೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ನುಣುಪಾದ ವಾಟರ್‌ಕಲರ್ ಕಾಗದ ತೆಗೆದುಕೊಳ್ಳಿ; ತರಿ ಮೇಲ್ಮೈಯಲ್ಲಿ ಮುದ್ರೆ ಪೂರ್ತಿ ಕೂರುವುದಿಲ್ಲ. ಸಿಲ್ವರ್ ಓಕ್ ಮರಗಳ ಸಾಲನ್ನೋ ಮೆಣಸಿನ ಬಳ್ಳಿಯನ್ನೋ ಒತ್ತಿ, ಬಿಳಿ ಪೌಡರ್ ಸುರಿದು ಕೊಡವಿ. ಉಳಿದದ್ದನ್ನು ಡಬ್ಬಿಗೇ ಹಾಕಬಹುದು. ಅಂಚಿಗೆ ಅಂಟಿದ ಕಣಗಳನ್ನು ಒಣ ಬ್ರಷ್ಷಿನಿಂದ ಈಗಲೇ ತೆಗೆಯಬೇಕು, ಕರಗಿದ ಮೇಲೆ ಬರುವುದಿಲ್ಲ. ಗನ್ನನ್ನು ಮೊದಲು ಬಿಸಿಯಾಗಲು ಬಿಟ್ಟು, ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಮರಳಿನಂತಿದ್ದ ಗೆರೆ ತುಪ್ಪ ಕರಗಿದ ಹಾಗೆ ಹೊಳೆದ ಕ್ಷಣ ಮುಂದೆ ಸರಿಯಿರಿ. ಅಲ್ಲೇ ನಿಂತರೆ ಪೌಡರ್ ಕಾಗದದೊಳಕ್ಕೆ ಇಳಿದು ಎಣ್ಣೆ ಕಲೆಯಂತಾಗುತ್ತದೆ, ಉಬ್ಬು ಉಳಿಯುವುದಿಲ್ಲ. ಕೂದಲು ಒಣಗಿಸುವ ಡ್ರೈಯರ್ ಬೇಡ: ಗಾಳಿ ಹೆಚ್ಚು, ಬಿಸಿ ಸಾಲದು, ಪೌಡರ್ ಹಾರುತ್ತದೆ.

ತಣಿದ ಮೇಲೆ ಇಂಡಿಗೊ ಬಣ್ಣವನ್ನು ಮೇಲ್ಗಡೆ ಗಾಢವಾಗಿ ಹಚ್ಚಿ, ಕೆಳಗೆ ಬರೀ ನೀರಿನಲ್ಲಿ ಎಳೆಯಿರಿ. ಉಬ್ಬಿದ ಗೆರೆಗೆ ಬಣ್ಣ ಹತ್ತುವುದಿಲ್ಲ. ಮಂಜಿನೊಳಗಿಂದ ಮರಗಳು ಬೆಳ್ಳಗೆ ಎದ್ದು ಬರುತ್ತವೆ. ನೋಡಲು ಎಷ್ಟು ಚೆಂದ! ಒಣಗಲು ಗಾಳಿಗೇ ಬಿಡಿ, ಗನ್ ಹಿಡಿದರೆ ಗೆರೆ ಮತ್ತೆ ಕರಗುತ್ತದೆ.

ಹುತ್ತರಿಯ ಕಾರ್ಡಿಗೆ ಭತ್ತದ ಕದಿರು ಒತ್ತುವುದಾದರೆ ಚಿನ್ನದ ಬಣ್ಣದ ಸಣ್ಣ ಕಣದ ಪೌಡರ್ ಬೇಕು. ದಪ್ಪ ಕಣ ಕಾಳುಗಳ ನಡುವಿನ ಸಂದು ಮುಚ್ಚಿಬಿಡುತ್ತದೆ.

ಕೊರತೆಗಳೂ ಇವೆ. ಬಿಳಿ ಹಾಳೆಯ ಮೇಲೆ ಒತ್ತಿದ್ದು ಕಣ್ಣಿಗೆ ಬೀಳುವುದು ಕಷ್ಟ, ದೀಪಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಪೌಡರ್ ಮೆತ್ತಿದ ಮುದ್ರೆಯನ್ನು ಪ್ಯಾಡಿಗೆ ತಾಗಿಸಿದರೆ ಕಣಗಳು ಅಲ್ಲೇ ಸೇರಿಕೊಂಡು ಮುಂದಿನ ಅಚ್ಚುಗಳೂ ಕೆಡುತ್ತವೆ. ಮುದ್ರೆಯನ್ನು ಸೋಪು ನೀರಿನಲ್ಲಿ ತೊಳೆಯಬೇಕು. ರೀಫಿಲ್ ಶೀಶೆ ಬೇರೆಯಾಗಿ ಸಿಗುತ್ತದೆ, ಪ್ಯಾಡಿನ ಜೊತೆಗೇ ಕೊಂಡುಕೊಳ್ಳುವುದು ಒಳ್ಳೆಯದು. ಕಾರ್ಡನ್ನು ಮೊದಲೇ ಮಡಚಿಡಿ. ಉಬ್ಬಿದ ಗೆರೆ ಮಡಿಕೆಗೆ ಸಿಕ್ಕರೆ ಬಿರುಕು ಬಿಡುತ್ತದೆ.