ಪಶುವೈದ್ಯವೋ, ಪ್ರಾಣಿಶಾಸ್ತ್ರವೋ?

ಮಗಳಿಗೆ ಬಿ.ವಿ.ಎಸ್ಸಿ (ಪಶುವೈದ್ಯ ಪದವಿ) ಕೊಡಿಸಲಾ, ಬಿ.ಎಸ್ಸಿ ಪ್ರಾಣಿಶಾಸ್ತ್ರ ಸಾಕಾ ಅಂತ ಚಳ್ಳಕೆರೆಯಿಂದ ಕೇಳಿದ್ದೀರಿ. ಮೊದಲನೆಯದು ಇಂಟರ್ನ್‌ಶಿಪ್ ಸೇರಿ 5½ ವರ್ಷ, ಎರಡನೆಯದು 3.

ಖರ್ಚಿನಲ್ಲಿ ಪ್ರಾಣಿಶಾಸ್ತ್ರವೇ ಹಗುರ. ದಾವಣಗೆರೆ ವಿ.ವಿ. ವ್ಯಾಪ್ತಿಯ ಸರ್ಕಾರಿ ಕಾಲೇಜಾದರೆ ಬಸ್ ಪಾಸಿನಲ್ಲೇ ಓದು ಮುಗಿಯುತ್ತೆ. ಪಶುವೈದ್ಯಕ್ಕೆ ಶಿವಮೊಗ್ಗ ಹತ್ತಿರ. ರ‍್ಯಾಂಕ್ ಕೈಕೊಟ್ಟರೆ ಬೀದರ್ ಹಾಸ್ಟೆಲ್ಲೂ ಆದೀತು.

ಆದರೆ ಕುರಿಗೆ ಚಿಕಿತ್ಸೆ ಕೊಡುವ ಹಕ್ಕು ಪ್ರಾಣಿಶಾಸ್ತ್ರದಿಂದ ಬರೋದಿಲ್ಲ. ಅದಕ್ಕೆ ಪಶುವೈದ್ಯ ಪರಿಷತ್ತಿನ ನೋಂದಣಿ ಬೇಕು. ಅದರ ದಾರಿ ಮಾತ್ರ ಸಲೀಸಲ್ಲ: ಭುಜದವರೆಗೆ ಗ್ಲೌಸ್ ಹಾಕಿ, ಹಸುವಿನ ಗುದದೊಳಗೆ ಕೈಯಿಟ್ಟು ಗಬ್ಬ ನೋಡಬೇಕು, ಅದು ಒದ್ದರೂ ನಿಲ್ಲಬೇಕು. ನಿಮ್ಮ ಹಟ್ಟಿಯಲ್ಲಿ ಕುರಿ ಈಯುವಾಗ ಹುಡುಗಿ ಮುಂದೆ ನಿಲ್ತಾಳಾ? ಹಾಗಿದ್ದರೆ ಶಿವಮೊಗ್ಗ. ಮೇಷ್ಟ್ರ ಕೆಲಸ, ಪ್ರಯೋಗಾಲಯ, ಎಂ.ಎಸ್ಸಿ ಮನಸ್ಸಲ್ಲಿದ್ದರೆ ದಾವಣಗೆರೆ.