ಕಂಬವಿಲ್ಲದ ಹೊಲ, ಒಂದು ಬೋರ್, ಮೂರು ಮೋಟರ್

"ಯಾವ ಮೋಟರ್ ಬಿಟ್ಟಿದೀರಾ?" ಅಂತ ಎಲ್ಲರೂ ಕೇಳುತ್ತಾರೆ. ಯಾವ ಪೈಪಿನಲ್ಲಿ ಬಿಟ್ಟಿದೀರಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮೂರು ವರ್ಷದಲ್ಲಿ ಒಂದೇ ಬೋರ್‌ಗೆ ಮೂರು ಬಗೆಯ ಪಂಪ್ ಇಳಿಸಿ, ಎತ್ತಿ, ಮತ್ತೆ ಇಳಿಸಿದವನು ನಾನು. ಕೇಳಬೇಕಾದ್ದು ಎರಡನೇ ಪ್ರಶ್ನೆ.

ಹೊಲ ಇರುವುದು ಪಾವಗಡ ತಾಲ್ಲೂಕಿನಲ್ಲಿ. ತಿರುಮಣಿ ಕಡೆ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ನಮ್ಮ ಹೊಲಕ್ಕೆ ಮಾತ್ರ ಹತ್ತಿರದ ಕರೆಂಟ್ ಕಂಬ ಒಂದೂಕಾಲು ಕಿಲೋಮೀಟರ್ ದೂರ. ಲೈನ್‌ನಿಂದ 500 ಮೀಟರ್ ಆಚೆ ಇದ್ದವರು ಸೋಲಾರ್ ಹಾಕಿಸಿಕೊಳ್ಳಿ ಅನ್ನುವುದು ಈಗ ಸರ್ಕಾರದ ನೀತಿ. ಸೋಲಾರ್ ಪಂಪಿಗೆ ಅಂತಲೇ ಇರುವ ಕುಸುಮ್-ಬಿ ಯೋಜನೆಯಲ್ಲಿ 7.5 ಎಚ್‌ಪಿ ತನಕ ಕೇಂದ್ರದ್ದು 30, ರಾಜ್ಯದ್ದು 50 ಪರ್ಸೆಂಟ್ ಸಹಾಯಧನ ಇದೆ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇರುವ ನಮ್ಮಂಥವರಿಗೆ ಅದು ಸದ್ಯಕ್ಕಿಲ್ಲ. ಹಾಗಾಗಿ ಎಲ್ಲ ಕೈಯಿಂದಲೇ ಆಗಬೇಕಾಯಿತು. ದುಡ್ಡೂ ನಮ್ಮದೇ, ಕೈಯೂ ನಮ್ಮದೇ.

ಬೋರ್ 420 ಅಡಿ, ಆರೂವರೆ ಇಂಚು, ಮೇಲಿನ ಮಣ್ಣು ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪ್ 60 ಅಡಿ. 2022ರ ಮಳೆಗೆ ಕೆರೆಕಟ್ಟೆ ತುಂಬಿದ ಮೇಲೆ ನೀರು ಮೇಲೆ ಬಂತು. ದಾರಕ್ಕೆ ಬೋಲ್ಟ್ ಕಟ್ಟಿ, ಹತ್ತು ಅಡಿಗೊಂದು ಗಂಟು ಹಾಕಿ ಬಿಟ್ಟು ನೋಡಿದಾಗ 110 ಅಡಿಯಲ್ಲಿ ಒದ್ದೆಯಾಗಿತ್ತು. ಪಂಪ್ ಓಡುವಾಗ ಹೆಚ್ಚೆಂದರೆ 180ಕ್ಕೆ ಇಳಿದು ನಿಲ್ಲುತ್ತದೆ. ಮೂರು ಪಂಪನ್ನೂ 240 ಅಡಿಗೇ ಕಟ್ಟಿದ್ದು. ಮೇಲಿನ ಟ್ಯಾಂಕಿನ ಎತ್ತರ ಸೇರಿಸಿದರೆ ಲೆಕ್ಕಕ್ಕೆ 60 ಮೀಟರ್ ಎತ್ತಬೇಕು. ಬೆಳೆ ಹುಣಸೆ ಮತ್ತು ಮಾವಿನ ಗಿಡ, ಡ್ರಿಪ್. ದಿನಕ್ಕೆ 12 ಸಾವಿರ ಲೀಟರ್ ಸಿಕ್ಕರೆ ನಮಗೆ ಹಬ್ಬ.

ಮೊದಲನೆಯದು ಡೀಸೆಲ್. ಅಣ್ಣನ ಬತ್ತಿದ ಬೋರ್‌ನಿಂದ ಎತ್ತಿಟ್ಟಿದ್ದ 3 ಎಚ್‌ಪಿ ತ್ರೀ ಫೇಸ್ ಮೋಟರ್ ಇತ್ತು, ಅದರ ಜೊತೆಗೆ ಒಂದೂವರೆ ಇಂಚಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಹನ್ನೆರಡು. ಬಿಟ್ಟಿ ಸಿಕ್ಕಿದ್ದು ಅಂತ ಖುಷಿಪಟ್ಟೆ. ಬಾಡಿಗೆಗೆ ತಂದ 5 ಕೆವಿಎ ಜನರೇಟರ್, ಸ್ಟಾರ್ಟರ್ ಒತ್ತಿದ ಕೂಡಲೇ ಮುಕ್ಕಿ ನಿಂತುಬಿಟ್ಟಿತು. ಡೈರೆಕ್ಟ್ ಸ್ಟಾರ್ಟರ್‌ನಲ್ಲಿ ಮೋಟರ್ ಎದ್ದೇಳುವಾಗ ಓಡುವ ಕರೆಂಟಿನ ಆರು ಪಟ್ಟು ಎಳೆಯುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. 7.5 ಕೆವಿಎ ಸೆಕೆಂಡ್‌ಹ್ಯಾಂಡ್ ಒಂದು ತಂದ ಮೇಲೆ ಓಡಿತು, ಚೆನ್ನಾಗಿಯೇ ಓಡಿತು. 200 ಲೀಟರ್ ಡ್ರಮ್ ಎರಡು ನಿಮಿಷಕ್ಕೆ ತುಂಬುತ್ತಿತ್ತು. ಗಂಟೆಗೆ ಒಂದೂವರೆ ಲೀಟರ್ ಡೀಸೆಲ್, ಸಾವಿರ ಲೀಟರ್ ನೀರಿಗೆ ಇಪ್ಪತ್ತು ರೂಪಾಯಿ ದಾಟುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬಂಕಿಗೆ ಓಡಾಡುವುದನ್ನು ತಡೆದುಕೊಳ್ಳಲಾಗಲಿಲ್ಲ.

ಎಂಟನೇ ತಿಂಗಳಿಗೆ ಕೇಬಲ್ ಜಾಯಿಂಟಿಗೆ ನೀರು ಹೋಯಿತು. ತಪ್ಪು ನನ್ನದೇ, ಟೇಪು ಕಂಜೂಸಿ ಮಾಡಿದ್ದೆ. ಸರಿಪಡಿಸಲು ಹತ್ತು ನಿಮಿಷದ ಕೆಲಸ. ಆದರೆ ಮೋಟರ್ ಮೇಲೆ ಬರಬೇಕಲ್ಲ! ಒಂದು ಉದ್ದ ಜಿಐ ಪೈಪ್ 22 ಕೆಜಿ, ಹನ್ನೆರಡಕ್ಕೆ 264. ಮೋಟರ್ ಮತ್ತು ಪಂಪ್ 50. ನಾನ್ ರಿಟರ್ನ್ ವಾಲ್ವ್ ಹಿಡಿದಿಟ್ಟುಕೊಂಡ ನೀರು 90ಕ್ಕೂ ಮೇಲೆ. ಒಟ್ಟು 400 ಕೆಜಿ. ಲಿಫ್ಟಿಂಗ್ ಗಾಡಿಯವನಿಗೆ ಫೋನ್ ಮಾಡಿದರೆ "ನಿಮ್ಮ ಹೊಲಕ್ಕೆ ದಾರಿ ಕೆಸರಾಗೈತೆ, ಒಣಗಲಿ ಬರ್ತೀನಣ್ಣ" ಅಂದ. ಹನ್ನೊಂದು ದಿನ ಒಣಗಲಿಲ್ಲ. ಅಷ್ಟರಲ್ಲಿ ನಲವತ್ತು ಮಾವಿನ ಸಸಿ ಒಣಗಿದವು.

ಅವತ್ತೇ ನಿರ್ಧಾರ ಮಾಡಿದ್ದು: ಮನೆಯವರೇ ಎತ್ತಲಾಗದ್ದನ್ನು ಇನ್ನು ಆ ಬೋರ್‌ನೊಳಗೆ ಬಿಡುವುದಿಲ್ಲ.

ಮುಂದಿನ ಎರಡು ಪಂಪಿಗೂ 40 ಎಂಎಂ ಎಚ್‌ಡಿಪಿಇ, ಅಂದರೆ ಬಳುಕುವ ಪ್ಲಾಸ್ಟಿಕ್ ಪೈಪ್, ದಪ್ಪದ್ದು, 16 ಬಾರ್ ಒತ್ತಡ ತಡೆಯುವ ಪಿಎನ್ 16, ಒಂದೇ ಸುರುಳಿ. 240 ಅಡಿಗೆ ಪೈಪಿನ ತೂಕ ಬರೀ 31 ಕೆಜಿ. ಕೇಬಲ್ 20, ಒಳಗಿನ ನೀರು 60, ಪಂಪ್ 26. ಒಟ್ಟು 140 ಕೂಡ ಮುಟ್ಟುವುದಿಲ್ಲ. ನಾನು, ತಮ್ಮ, ಹೆಂಡತಿ, ಪಕ್ಕದ ಹೊಲದ ಮಾವ ನಾಲ್ಕು ಜನ ಸೇರಿ ಎಳೆಯಬಹುದು. ಬೋರ್ ಬಾಯಿಗೆ ಹಳೇ ಟ್ರ್ಯಾಕ್ಟರ್ ರಿಮ್ಮನ್ನು ಕಪ್ಪಿಯ ಹಾಗೆ ನಿಲ್ಲಿಸಿ, ಪೈಪ್ ಹಿಡಿದುಕೊಂಡು ಹೊಲದೊಳಗೆ ನೆಟ್ಟಗೆ ನಡೆದುಕೊಂಡು ಹೋಗುವುದು, ಅಷ್ಟೇ. ಬಿಚ್ಚಲು ಜಾಯಿಂಟ್ ಇಲ್ಲ, ಪೈಪ್ ರೆಂಚ್ ಬೇಡ. ಮುಕ್ಕಾಲು ಗಂಟೆಯಲ್ಲಿ ಮೋಟರ್ ಮೇಲೆ ಬರುತ್ತದೆ.

ಎಚ್‌ಡಿಪಿಇಗೂ ಹಟ ಇದೆ. ಸುರುಳಿಯ ಬಳುಕು ಬಿಡುವುದಿಲ್ಲ. ಮೊದಲ ಸಲ ಅಂಗಡಿಯಿಂದ ತಂದವರೇ ಹಾಗೇ ಇಳಿಸಲು ಹೋದೆವು. ಪೈಪ್ ಹಾವಿನ ಹಾಗೆ ಸುತ್ತಿ ಕೇಸಿಂಗ್ ಅಂಚಿಗೆ ಕೇಬಲ್ಲನ್ನು ಒತ್ತಿ ಸಿಪ್ಪೆ ಸುಲಿಯಿತು. ಹಿಂದಿನ ದಿನವೇ ಬಿಚ್ಚಿ, ಎರಡೂ ತುದಿಗೆ ಕಲ್ಲು ಹೇರಿ, ಪಾವಗಡದ ಬಿಸಿಲಿಗೆ ಒಂದು ಹಗಲು ಮಲಗಿಸಿದರೆ ಮೆತ್ತಗಾಗಿ ಮಾತು ಕೇಳುತ್ತದೆ. ಕೇಸಿಂಗ್ ಬಾಯಿಗೆ ಹಳೇ ಟ್ಯೂಬು ಸೀಳಿ ಸುತ್ತಬೇಕು. ಕೇಬಲ್ಲನ್ನು ಹತ್ತು ಅಡಿಗೊಮ್ಮೆ ಪೈಪಿಗೆ ಕಟ್ಟಬೇಕು. ಕಟ್ಟುವಾಗ ಸ್ವಲ್ಪ ಸಡಿಲ ಬಿಡಬೇಕು, ಏಕೆಂದರೆ ಭಾರ ಬಿದ್ದಾಗ ಪೈಪ್ ಹಿಗ್ಗುತ್ತದೆ, ಕೇಬಲ್ ಹಿಗ್ಗುವುದಿಲ್ಲ. ಪಂಪಿನ ತಲೆಗೆ ಬೇರೆಯೇ ಹಗ್ಗ ಬೇಕೇ ಬೇಕು. ಜಿಐ ಪೈಪಿನಲ್ಲಿ ಪಂಪ್ ಥ್ರೆಡ್ಡಿನ ಮೇಲೆ ನಿಂತಿರುತ್ತದೆ. ಇಲ್ಲಿ ಅಡಾಪ್ಟರ್ ಜಾರಿದರೆ ಪಂಪ್ ಹೋಯಿತು, ಅದರ ಜೊತೆ ಬೋರೂ ಹೋಯಿತು. ನೈಲಾನ್ ಹಗ್ಗ ನೀರಿನಲ್ಲಿ ಹಿಗ್ಗುತ್ತದೆ. ನಾನು ಸ್ಟೀಲ್ ವೈರ್ ರೋಪ್ ಹಾಕಿದೆ. ಇನ್ನು ಪಿವಿಸಿ ಕಾಲಂ ಪೈಪ್. ನಾನು ಹಾಕಿಲ್ಲ, ಮಾವನ ಬೋರ್‌ನಲ್ಲಿದೆ. ಜಿಐಗಿಂತ ಬಹಳ ಹಗುರ, ಹಿಗ್ಗುವುದೂ ಇಲ್ಲ. ಆದರೆ ಮೂರು ಮೀಟರ್‌ಗೊಂದು ಜಾಯಿಂಟ್, ಪ್ರತಿ ಜಾಯಿಂಟಿಗೂ ಕ್ಲಾಂಪ್ ಹಾಕಿ ಬಿಚ್ಚಿ, ಮೂರುಕಾಲು ನೆಟ್ಟು ಚೈನ್ ಪುಲ್ಲಿ ತರಬೇಕು. 500 ಅಡಿ ಇಳಿಸುವವರಿಗೆ ಅದೇ ಸರಿ. ಅಷ್ಟು ಆಳಕ್ಕೆ ಕೈಯಿಂದ ಎಚ್‌ಡಿಪಿಇ ಎಳೆಯುವ ಸಾಹಸಕ್ಕೆ ನಾನಂತೂ ಹೋಗುವುದಿಲ್ಲ.

ಈಗ ಸೋಲಾರ್. ಎರಡನೆಯದು 2 ಎಚ್‌ಪಿ ಎಸಿ, ನಾಲ್ಕಿಂಚು ಪಂಪ್, ಮೇಲೆ ವಿಎಫ್‌ಡಿ ಡ್ರೈವ್, ಅಂದರೆ ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡಿ, ಬಿಸಿಲಿಗೆ ತಕ್ಕಂತೆ ಮೋಟರಿನ ವೇಗ ಏರಿಳಿಸುವ ಪೆಟ್ಟಿಗೆ. ಅಂಗಡಿಯವನು 415 ವೋಲ್ಟಿನ ಮೋಟರ್ ತೋರಿಸಿದ್ದ. ಅದನ್ನು ಪೂರ್ತಿ ಓಡಿಸಲು ಡ್ರೈವ್‌ಗೆ 590 ವೋಲ್ಟ್ ಹತ್ತಿರ ಡಿಸಿ ಬೇಕು, ಅಂದರೆ ಹದಿನಾರು ಪ್ಯಾನೆಲ್ ಒಂದೇ ಸಾಲಿನಲ್ಲಿ. 2 ಎಚ್‌ಪಿಗೆ ಅಷ್ಟು ವಾಟ್ ಬೇಡವೇ ಬೇಡ, ವೋಲ್ಟಿಗೋಸ್ಕರ ದುಡ್ಡು ಸುರಿಯಬೇಕು. ಅದೇ ತ್ರೀ ಫೇಸ್ ಮೋಟರನ್ನು 220 ವೋಲ್ಟಿಗೆ ಸುತ್ತಿದ್ದು ಕೇಳಿ ತರಿಸಿದೆ. 335 ವಾಟಿನ ಒಂಬತ್ತು ಪ್ಯಾನೆಲ್‌ಗೆ ಕೆಲಸ ಮುಗಿಯಿತು. ಸೋಲಾರ್ ಪಂಪ್ ಕೊಳ್ಳುವವರು ಎಚ್‌ಪಿ ಕೇಳುವ ಮೊದಲು ವೋಲ್ಟ್ ಕೇಳಿ.

ಇಳಿಸಿದ ದಿನ ಡ್ರೈವ್ ಆನ್ ಮಾಡಿದರೆ ಬಾಲದಷ್ಟು ನೀರು. ಬೋರ್ ಬತ್ತಿತು ಅಂತ ತಮ್ಮ ತಲೆ ಮೇಲೆ ಕೈ ಹೊತ್ತು ಕೂತ. ಮೋಟರ್ ಉಲ್ಟಾ ತಿರುಗುತ್ತಿತ್ತು, ಅಷ್ಟೇ. ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಇಳಿಸುವ ಮೊದಲು ಮೋಟರಿನ ಪ್ಲಗ್ ಬಿಚ್ಚಿ ಕುಡಿಯುವ ನೀರು ತುಂಬಿ, ಅಲ್ಲಾಡಿಸಿ, ಗುಳ್ಳೆ ಬರುವುದು ನಿಂತ ಮೇಲೆ ಮತ್ತೆ ತುಂಬಿ ಮುಚ್ಚಿದ್ದು ಮಾತ್ರ ಮೊದಲ ಸಲವೇ ಸರಿ ಮಾಡಿದ್ದೆವು.

ಸುಡುಬಿಸಿಲಿನಲ್ಲಿ ಇದರ ಓಟ ನೋಡಬೇಕು. ಒಂದು ಡ್ರಮ್ ಎರಡೂಮುಕ್ಕಾಲು ನಿಮಿಷಕ್ಕೆ ತುಂಬುತ್ತದೆ, ದಿನಕ್ಕೆ 23 ಸಾವಿರ ಲೀಟರ್. ಮೋಡದ ದಿನ ಮಾತ್ರ ಹೊಟ್ಟೆ ಉರಿಸುತ್ತದೆ. ಡ್ರೈವಿನ ಮೇಲೆ 40 ಹರ್ಟ್ಸ್ ತೋರಿಸುತ್ತದೆ, ಮೋಟರ್ ಗುಂಯ್ ಅನ್ನುತ್ತದೆ, ಪೈಪಿನ ಬಾಯಲ್ಲಿ ಒಂದು ತೊಟ್ಟಿಲ್ಲ. ಮೋಸ ಅಲ್ಲ, ಲೆಕ್ಕವೇ ಹಾಗೆ. ಈ ಬಗೆಯ ಪಂಪ್ ನೀರನ್ನು ಎಷ್ಟೆತ್ತರ ಎತ್ತುತ್ತದೆ ಅನ್ನುವುದು ವೇಗದ ವರ್ಗಕ್ಕೆ ತಕ್ಕಂತೆ. 50ರ ಬದಲು 40 ಹರ್ಟ್ಸ್ ಅಂದರೆ ವೇಗ ನೂರಕ್ಕೆ 80, ಎತ್ತರ ನೂರಕ್ಕೆ 64. ನೀರನ್ನು ಮೇಲಿನವರೆಗೆ ತಳ್ಳಲು ಪಂಪಿನ ಒತ್ತಡ ಸಾಲುವುದಿಲ್ಲ. ನಮ್ಮ ಬೋರ್‌ನಲ್ಲಿ 42 ದಾಟಿದ ಮೇಲೇ ನೀರಿನ ಮುಖ ಕಾಣುವುದು. ಬೆಳಗ್ಗೆ ಒಂಬತ್ತರ ಮೊದಲು, ಸಂಜೆ ಮೂರೂವರೆಯ ನಂತರ ಏನೂ ಇಲ್ಲ. ಮೋಡ ಕವಿದರೆ ದಿನಕ್ಕೆ ಐದಾರು ಸಾವಿರ ಲೀಟರ್ ಬಂದರೆ ಪುಣ್ಯ.

ಮೂರನೆಯದು ಡಿಸಿ. ಷಡ್ಡಕನ ಬೋರ್ ಕೈಕೊಟ್ಟಿತ್ತು, ಅವನ 1 ಎಚ್‌ಪಿ ಪಂಪ್ ಅರ್ಧ ಬೆಲೆಗೆ ಸಿಕ್ಕಿತು. ಬ್ರಶ್ ಇಲ್ಲದ ಮೋಟರ್, ಮೇಲೆ ತಿರುಪಿನ ಪಂಪ್: ಸ್ಟೀಲಿನ ತಿರುಪು ರಬ್ಬರ್ ಗೂಡಿನಲ್ಲಿ ತಿರುಗಿ ನೀರನ್ನು ತಳ್ಳುತ್ತಾ ಹೋಗುತ್ತದೆ, ಕಬ್ಬಿನ ಗಾಣದ ಹಾಗೆ ಬಿಡದೆ. ನಿಧಾನ ತಿರುಗಿದರೆ ನಿಧಾನ ನೀರು, ಆದರೆ ನೀರಂತೂ ಬಂದೇ ಬರುತ್ತದೆ. ಒಂಬತ್ತರಲ್ಲಿ ನಾಲ್ಕೇ ಪ್ಯಾನೆಲ್ ಇದಕ್ಕೆ ಸಾಕು. ಬೆಳಗ್ಗೆ ಏಳೂಮುಕ್ಕಾಲಕ್ಕೆ ಟ್ಯಾಂಕಿನಲ್ಲಿ ಸದ್ದು ಶುರು. ಡ್ರಮ್ ತುಂಬಲು ಐದು ನಿಮಿಷ, ನೋಡುತ್ತಾ ನಿಂತರೆ ಆಕಳಿಕೆ ಬರುತ್ತದೆ. ಸಂಜೆ ಲೆಕ್ಕ ಹಾಕಿದರೆ 16 ಸಾವಿರ ಲೀಟರ್. ಮೋಡದ ದಿನವೂ ಎಂಟು ಸಾವಿರಕ್ಕೆ ಕಡಿಮೆ ಇಲ್ಲ. ಒಂದು ಪ್ಯಾನೆಲ್‌ಗೆ ಎಸಿ ಕೊಡುವುದು ಎರಡೂವರೆ ಸಾವಿರ ಲೀಟರ್, ಇದು ಕೊಡುವುದು ನಾಲ್ಕು ಸಾವಿರ. ಉಳಿದ ಐದು ಪ್ಯಾನೆಲ್ ಈಗ ಶೆಡ್ಡಿನ ಬ್ಯಾಟರಿಗೆ.

ಎರಡು ಎಚ್ಚರಿಕೆ. ತಿರುಪಿನ ಪಂಪಿಗೆ ಮರಳು ಆಗಿಬರುವುದಿಲ್ಲ, ರಬ್ಬರ್ ಸವೆಯುತ್ತದೆ. ನೀರಿನಲ್ಲಿ ಮರಳು ಬರುವ ಬೋರ್ ಆದರೆ ಅತ್ತ ತಲೆ ಹಾಕಬೇಡಿ. ಎರಡನೆಯದು ಕೇಬಲ್. ಇದರ ವೋಲ್ಟೇಜ್ ಕಡಿಮೆ. 240 ಅಡಿ ಕೇಬಲ್ಲಿನಲ್ಲಿ ನಾಲ್ಕೈದು ವೋಲ್ಟ್ ಸೋರಿದರೆ 220ರ ಮೋಟರಿಗೆ ಅದು ಎರಡು ಪರ್ಸೆಂಟ್, 80 ವೋಲ್ಟಿನದಕ್ಕೆ ಆರು. 2.5 ಸ್ಕ್ವೇರ್ ಎಂಎಂ ಸಾಕು ಅಂತ ಅಂಗಡಿಯವನು ಹೇಳಿದರೂ ನಾನು 4 ಹಾಕಿದ್ದು ಅದಕ್ಕೇ.

ವೈರಿಂಗ್ ಬಗ್ಗೆ ಒಂದು ಮಾತು. ಬೋರ್‌ನೊಳಗಿನ ಕೆಲಸ ನಾವೇ ಮಾಡಿದೆವು, ಪ್ಯಾನೆಲ್ ಕಡೆಯದ್ದನ್ನು ಲೈಸೆನ್ಸ್ ಇರುವ ವೈರ್‌ಮನ್ ಹತ್ತಿರ ಮಾಡಿಸಿದೆ. ಒಂಬತ್ತು ಪ್ಯಾನೆಲ್ ಸಾಲಾಗಿ ಕಟ್ಟಿದರೆ ಲೋಡ್ ಇಲ್ಲದಾಗ 400 ವೋಲ್ಟ್ ದಾಟುತ್ತದೆ. ಡಿಸಿ ಕಿಡಿ ಹತ್ತಿದರೆ ಎಸಿಯ ಹಾಗೆ ತಾನೇ ಆರುವುದಿಲ್ಲ, ಎಳೆದಷ್ಟೂ ಉದ್ದವಾಗುತ್ತದೆ. ಓಡುತ್ತಿರುವಾಗ ಕನೆಕ್ಟರ್ ಕಿತ್ತವನ ಬೆರಳು ನೋಡಿದ್ದೇನೆ. ಡಿಸಿಗೆ ಅಂತಲೇ ಇರುವ ಎಂಸಿಬಿ ಹಾಕಿಸಿ. ಕೆಲಸ ಮಾಡುವಾಗ ಪ್ಯಾನೆಲ್ ಮೇಲೆ ಟಾರ್ಪಾಲ್ ಹೊದಿಸಿ, ಇಲ್ಲವೇ ಕತ್ತಲಾದ ಮೇಲೆ ಕೈ ಹಾಕಿ.

ಡಿಸಿಯೇ ಗೆದ್ದಿತು ಅಂದುಕೊಂಡಿದ್ದೆ. ಹದಿನಾಲ್ಕನೇ ತಿಂಗಳಿಗೆ ಅದನ್ನು ಓಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಕಂಟ್ರೋಲರ್, ಸತ್ತಿತು. ಪೇಟೆಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವವನ ಹತ್ತಿರ ಹೊತ್ತೊಯ್ದರೆ, ಮುಚ್ಚಳ ತೆಗೆದು ನೋಡಿ "ಸಾರ್, ಇದು ನಮ್ ಕೆಲಸ ಅಲ್ಲ, ಇದೆಲ್ಲಾ ಬೋರ್ಡು" ಅಂತ ವಾಪಸ್ ಕೊಟ್ಟ. ಕಂಪನಿಗೆ ಕಳಿಸಿ ಐದು ವಾರ ಕಾದೆವು. ಎಸಿ ಮೋಟರ್ ಸುಟ್ಟರೆ ಅದೇ ಮನುಷ್ಯ ಎರಡು ದಿನದಲ್ಲಿ ತಾಮ್ರ ಸುತ್ತಿ ಕೈಗಿಡುತ್ತಾನೆ. ಹೊಲ ಎಷ್ಟು ದೂರವೋ ಅಷ್ಟರಮಟ್ಟಿಗೆ ಈ ವ್ಯತ್ಯಾಸ ದೊಡ್ಡದು.

ಆದರೆ ಆ ಐದು ವಾರ ಒಂದು ಗಿಡವೂ ಒಣಗಲಿಲ್ಲ. ಕಂಟ್ರೋಲರ್ ಸತ್ತ ದಿನ ಊಟ ಮುಗಿಸಿ ಎರಡು ಗಂಟೆಗೆ ನಾಲ್ಕು ಜನ ಪೈಪ್ ಹಿಡಿದೆವು. ಡಿಸಿ ಮೇಲೆ ಬಂತು, ಅದೇ ಪೈಪಿಗೆ, ಅದೇ ಕೇಬಲ್ಲಿಗೆ ಶೆಡ್ಡಿನಲ್ಲಿದ್ದ ಎಸಿ ಪಂಪ್ ಸೇರಿಸಿ ಇಳಿಸಿದೆವು. ಜಾಯಿಂಟಿಗೆ ಈ ಸಲ ಟೇಪು ಕಂಜೂಸಿ ಮಾಡಲಿಲ್ಲ, ಮೇಲೊಂದು ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ತೋಳೂ ಏರಿಸಿದೆ. ಪ್ಯಾನೆಲ್ ಸಾಲನ್ನು ವೈರ್‌ಮನ್ ಮರುದಿನ ಬೆಳಗ್ಗೆ ಬದಲಿಸಿಕೊಟ್ಟ, ಹತ್ತು ಗಂಟೆಗೆ ನೀರು. ಜಿಐ ಪೈಪಿನ ಕಾಲದಲ್ಲಾಗಿದ್ದರೆ ಲಿಫ್ಟಿಂಗ್ ಗಾಡಿಯವನ ದಾರಿ ಇನ್ನೂ ಒಣಗುತ್ತಾ ಇರುತ್ತಿತ್ತು.

ಈಗ ಬೋರ್‌ನಲ್ಲಿ ಮತ್ತೆ ಡಿಸಿ ಇದೆ. ಎಸಿ ಪಂಪ್ ಗೋಣಿಚೀಲ ಸುತ್ತಿಕೊಂಡು ಶೆಡ್ಡಿನಲ್ಲಿ ಮಲಗಿದೆ, ಡ್ರೈವ್ ಗೋಡೆಯ ಮೇಲೆ. ಹನ್ನೆರಡು ಜಿಐ ಪೈಪನ್ನು ಮಾವ ದನದ ಕೊಟ್ಟಿಗೆಯ ಚಾವಣಿಗೆ ಒಯ್ದ.