ಟ್ರೇನಿಯ ಕೈಗೆ ಮಿಟುಟೊಯೊ ಡಿಜಿಟಲ್ ಕ್ಯಾಲಿಪರ್: ದುಡ್ಡಿಗೆ ತಕ್ಕ ಮಾಲೇ?

ಐಟಿಐ, ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಮಷೀನ್ ಶಾಪ್ ಸೇರುವವರ ಪಾಲಿಗೆ ಮೊದಲ ವರ್ಷ, ಕೆಲವೊಮ್ಮೆ ಎರಡು–ಮೂರು ವರ್ಷ, ಬರುವ ಕೆಲಸ ಒಂದೇ: ಬರ್ (ಕತ್ತರಿಸಿದ ಲೋಹದ ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆಯುವುದು, ಜಾಬ್ (ಮಷೀನಿನಲ್ಲಿ ತಯಾರಾಗುವ ಬಿಡಿಭಾಗ) ಒರೆಸಿ ಟ್ರೇಗೆ ಜೋಡಿಸುವುದು, ಲೋಡಿಂಗ್–ಅನ್‌ಲೋಡಿಂಗ್. ಸೈಜ್ ಹೋಗುತ್ತಿದೆ, ಅಂದರೆ ಅಳತೆ ಮಿತಿ ದಾಟುತ್ತಿದೆ ಎಂದು ಇವರು ಬಾಯಿ ಬಿಟ್ಟರೆ ‘ನೀ ಸರಿ ಹಿಡಿದಿಲ್ಲ, ಮತ್ತ ನೋಡು’ ಎಂಬ ಉತ್ತರ ತಯಾರಿರುತ್ತದೆ. ಮಷೀನ್ ಹೊಂದಿಸುವ ಸೆಟ್ಟರ್ ಹಾಗೆನ್ನಲು ಕಾರಣವೂ ಇದೆ. ಲೈನಿನಲ್ಲಿ ಎಲ್ಲರೂ ಬಳಸುವ ಕ್ಯಾಲಿಪರ್ ಹತ್ತಾರು ಕೈ ದಾಟಿ, ಬಿದ್ದು, ಜಾ (ಜಾಬನ್ನು ಹಿಡಿದು ಅಳೆಯುವ ದವಡೆ) ಸವೆದಿರುತ್ತದೆ. ತಪ್ಪು ಜಾಬಿನದೋ, ಕೈಯದೋ, ಉಪಕರಣದ್ದೋ ಹೇಳಲಾಗದ ಅಳತೆಯನ್ನು ನಂಬಿ ಯಾರೂ ಆಫ್‌ಸೆಟ್ (ಮಷೀನಿಗೆ ಕೊಡುವ ಅಳತೆ ತಿದ್ದುಪಡಿ) ಬದಲಿಸುವುದಿಲ್ಲ.

ಹಾಗಾಗಿ ಮಿಟುಟೊಯೊ 500-196-30, ಅಂದರೆ 150 ಮಿ.ಮೀ. ಆಬ್ಸಲ್ಯೂಟ್ ಡಿಜಿಟಲ್ ಕ್ಯಾಲಿಪರನ್ನು ಇಲ್ಲಿ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಕಿರಿಯ ಕೆಲಸಗಾರರ ಮಾತಿಗೆ ಇದರಿಂದ ತೂಕ ಬರುತ್ತದೆಯೇ? ಬರುತ್ತದೆ. ಆದರೆ ಇದು ಎಲ್ಲಿಯವರೆಗೆ ಅಳೆಯಬಲ್ಲದು, ಎಲ್ಲಿ ಅಳೆಯಲಾರದು ಎಂಬುದು ಬಾಯಿಪಾಠ ಇದ್ದವರಿಗೆ ಮಾತ್ರ.

ಇದರ ಡಿಸ್‌ಪ್ಲೇ 0.01 ಮಿ.ಮೀ. ತೋರಿಸುತ್ತದೆ, ನಿಖರತೆ ±0.02 ಮಿ.ಮೀ. ಹೊಸಬರು ಎಡವುವುದು ಈ ಎರಡರ ನಡುವೆಯೇ. 40.01 ಎಂದು ಕಂಡರೆ ಜಾಬ್ 39.99 ಆಗಿರಬಹುದು, 40.03 ಕೂಡ ಆಗಿರಬಹುದು. ಡ್ರಾಯಿಂಗಿನಲ್ಲಿ ಟಾಲರನ್ಸ್ (ಅಳತೆ ಹೆಚ್ಚುಕಡಿಮೆ ಆಗಬಹುದಾದ ಮಿತಿ) ±0.1 ಇದ್ದರೆ ಈ ಕ್ಯಾಲಿಪರ್ ಸಾಕು. ±0.05 ಇದ್ದರೆ ನಡುವಿನ ಸೈಜಿಗೆ ಒಪ್ಪಬಹುದು, ಅಂಚಿನ ಸೈಜ್ ಬಂದಾಗ ಮೈಕ್ರೋಮೀಟರ್ ತೆಗೆಯಬೇಕು. 40 ಮಿ.ಮೀ. ಬೋರಿಗೆ (ಕೊರೆದ ತೂತಿಗೆ) ಎಚ್7 ಎಂಬ ಟಾಲರನ್ಸ್ ದರ್ಜೆ ಇದ್ದರೆ ಇಡೀ ಟಾಲರನ್ಸೇ 0.025 ಮಿ.ಮೀ.; ಅಲ್ಲಿ ಕ್ಯಾಲಿಪರ್ ಹಿಡಿಯುವುದೇ ತಪ್ಪು, ಬೋರ್ ಗೇಜ್ ಇಲ್ಲವೇ ಪ್ಲಗ್ ಗೇಜ್ ಬೇಕು. ‘ಇದಕ್ಕ ಕ್ಯಾಲಿಪರ್ ನಡಿಯೂದಿಲ್ರಿ, ಬೋರ್ ಗೇಜ್ ಕೊಡ್ರಿ’ ಎಂದು ಕೇಳುವ ಟ್ರೇನಿಯನ್ನು ಇನ್‌ಸ್ಪೆಕ್ಷನ್‌ನವರು ಗುರುತಿಟ್ಟುಕೊಳ್ಳುತ್ತಾರೆ. ಇಂಥ ಒಂದು ಮಾತಿನಿಂದ ಬರುವ ಮರ್ಯಾದೆ ನೂರು ಜಾಬ್ ಅಳೆದರೂ ಬರುವುದಿಲ್ಲ.

ಮಾದರಿಯ ದೊಡ್ಡ ಗುಣ ‘ಆಬ್ಸಲ್ಯೂಟ್’ ಸ್ಕೇಲ್. ಒಮ್ಮೆ ಒರಿಜಿನ್ (ಜಾ ಮುಚ್ಚಿದಾಗಿನ ಮೂಲ ಸೊನ್ನೆ) ಕೂರಿಸಿದರೆ ಆಫ್ ಮಾಡಿ ಆನ್ ಮಾಡಿದರೂ ಸೊನ್ನೆ ಕದಲುವುದಿಲ್ಲ. ಜಾ ಎಷ್ಟು ಜೋರಾಗಿ ಎಳೆದರೂ ಲೆಕ್ಕ ತಪ್ಪುವುದಿಲ್ಲ. ಅಗ್ಗದ ಎಷ್ಟೋ ಡಿಜಿಟಲ್ ಕ್ಯಾಲಿಪರ್‌ಗಳಲ್ಲಿ ಜೋರಾಗಿ ಎಳೆದಾಗ ಸೊನ್ನೆ ಜಾರುತ್ತದೆ, ಆಫ್ ಮಾಡಿಟ್ಟರೂ ಸೆಲ್ ಇಳಿಯುತ್ತಿರುತ್ತದೆ. ಸೆಲ್ ಹಾಕುವಾಗ ಎಸ್ಆರ್44 ಕೇಳಿ ತನ್ನಿ. ಎಲ್ಆರ್44 ಅದೇ ಗಾತ್ರದ್ದು, ಕಡಿಮೆ ಬೆಲೆಯದು, ಆದರೆ ವೋಲ್ಟೇಜ್ ಮೆಲ್ಲಗೆ ಇಳಿಯುತ್ತಾ ಹೋಗುವುದರಿಂದ ಬೇಗ ಮುಗಿಯುತ್ತದೆ.

ಕೊರತೆಗಳೂ ಇವೆ. ಕೂಲಂಟ್ (ತಂಪು ಮಾಡುವ ದ್ರವ) ಸುರಿಯುವ ಮಷೀನಿನ ಬಾಯಿಗೇ ಒಡ್ಡಲು ಇದು ಮಾಡಿದ್ದಲ್ಲ; ಅದಕ್ಕೆ ಐಪಿ67 (ದೂಳು, ನೀರು ಒಳಹೋಗದ ರಕ್ಷಣೆ) ಎಂದು ಬರೆದ ಬೇರೆ ಮಾದರಿಗಳಿವೆ. ಇದನ್ನು ಬಳಸುವವರು ಜಾಬ್ ಒರೆಸಿಯೇ ಅಳೆಯಬೇಕು. ಇನ್ನೊಂದು ತೊಡಕು ಜೀರೋ/ಎಬಿಎಸ್ ಗುಂಡಿ. ಹೆಬ್ಬೆರಳು ತಾಗಿ ಅದು ಒತ್ತಿಹೋದರೆ ಜಾ ನಿಂತ ಜಾಗವೇ ಸೊನ್ನೆಯಾಗಿ, ಪರದೆಯ ಮೇಲೆ ಚಿಕ್ಕದಾಗಿ ‘ಐಎನ್‌ಸಿ’ ಎಂದು ಮೂಡುತ್ತದೆ. ಅದನ್ನು ನೋಡದೆ ಅಳೆದರೆ ಎಲ್ಲ ಸೈಜೂ ತಪ್ಪು. ಜಾ ತೆರೆದಿದ್ದಾಗ ಒರಿಜಿನ್ ಗುಂಡಿ ಒತ್ತಿದರಂತೂ ಮತ್ತೆ ಪೂರ್ತಿ ಮುಚ್ಚಿ ಸೊನ್ನೆ ಕೂರಿಸುವವರೆಗೆ ಅದರ ಯಾವ ಅಳತೆಗೂ ಅರ್ಥವಿಲ್ಲ.

ಪ್ರತಿ ಶಿಫ್ಟಿನ ಶುರುವಿಗೆ ಎರಡು ನಿಮಿಷದ ಕೆಲಸವಿದೆ, ಅದನ್ನು ಬಿಡಬಾರದು. ಜಾಗಳ ನಡುವೆ ಸ್ವಚ್ಛ ಕಾಗದದ ತುಂಡು ಹಿಡಿದು ಎಳೆಯಿರಿ. ಎಣ್ಣೆ, ದೂಳು ಹೋಗುತ್ತದೆ. ಮುಚ್ಚಿ ಸೊನ್ನೆ ನೋಡಿ, ಬೆಳಕಿಗೆ ಹಿಡಿದು ನೋಡಿ. ಒಂದೇ ಕಡೆ ಬೆಳಕು ನುಸುಳಿದರೆ ಅಲ್ಲಿ ಜಾ ಸವೆದಿದೆ ಇಲ್ಲವೇ ತುದಿಗೆ ಪೆಟ್ಟು ಬಿದ್ದಿದೆ. ಆಮೇಲೆ ಇನ್‌ಸ್ಪೆಕ್ಷನ್‌ನಲ್ಲಿ ಕೇಳಿ 10 ಮತ್ತು 50 ಮಿ.ಮೀ. ಸ್ಲಿಪ್ ಗೇಜನ್ನು (ನಿಖರ ಅಳತೆಯ ತುಂಡು) ಜಾದ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಅಳೆಯಿರಿ. ಒಂದೇ ಗೇಜಿನ ಬುಡದ ಅಳತೆಗೂ ತುದಿಯ ಅಳತೆಗೂ 0.02ಕ್ಕಿಂತ ಹೆಚ್ಚು ಅಂತರ ಬಂದರೆ ಆ ದಿನ ಅದನ್ನು ಬಳಸಬೇಡಿ.

ಅಳೆಯುವಾಗ ಜಾಬನ್ನು ಆದಷ್ಟು ಜಾದ ಬುಡಕ್ಕೆ ತನ್ನಿ. ತುದಿಯಲ್ಲಿ ಹಿಡಿದು ಒತ್ತಿದರೆ ಸ್ಲೈಡ್ ಕೊಂಚ ವಾಲಿ ಸೈಜ್ ಕಡಿಮೆ ತೋರಿಸುತ್ತದೆ. ಬೋರಿನ ಒಳ ಅಳತೆಗೆ ಜಾಗಳನ್ನು ಅಡ್ಡಕ್ಕೆ ಅಲುಗಿಸಿ ದೊಡ್ಡ ಅಂಕಿ ತಗೊಳ್ಳಿ, ಸ್ಲಾಟಿಗೆ ಚಿಕ್ಕ ಅಂಕಿ. ಸಣ್ಣ ತೂತುಗಳಲ್ಲಿ ಒಳ ಜಾದ ಚಪ್ಪಟೆ ಅಂಚು ಗೋಡೆಗೆ ಪೂರ್ತಿ ಕೂರದ ಕಾರಣ ಅಳತೆ ಯಾವಾಗಲೂ ಕಡಿಮೆಯೇ ಬರುತ್ತದೆ. ಅಲ್ಲಿ ಪಿನ್ ಗೇಜ್ ವಾಸಿ.

ಬಿಸಿ ಜಾಬ್ ಬಹಳ ಜನರನ್ನು ಬೀಳಿಸುತ್ತದೆ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. ಆಗಷ್ಟೇ ಮಷೀನಿನ ಚಕ್‌ನಿಂದ ಇಳಿಸಿದ 100 ಮಿ.ಮೀ. ಅಲ್ಯುಮಿನಿಯಮ್ ಜಾಬ್ ಅದಕ್ಕಿಂತ 20 ಡಿಗ್ರಿ ಬಿಸಿ ಇದ್ದರೆ ಸುಮಾರು 0.046 ಮಿ.ಮೀ. ಹಿಗ್ಗಿರುತ್ತದೆ, ಉಕ್ಕಾದರೆ ಸುಮಾರು 0.023. ಸೈಜ್ ಪ್ಲಸ್ ಇದೆ ಎಂದು ಆಫ್‌ಸೆಟ್ ಇಳಿಸಿದರೆ, ತಣ್ಣಗಾದ ಮೇಲೆ ಇಡೀ ಟ್ರೇ ಅಂಡರ್‌ಸೈಜ್. ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಶೆಡ್ ಕೆಳಗೆ ಇದು ಇನ್ನೂ ಹೆಚ್ಚು. ಜಾಬನ್ನು ಸರ್ಫೇಸ್ ಪ್ಲೇಟ್ ಮೇಲೆ ಆರಲು ಬಿಡಿ, ಆಮೇಲೆ ಅಳೆಯಿರಿ.

ನಿಮ್ಮ ಕೈಯನ್ನು ನೀವೇ ಪರೀಕ್ಷಿಸಲು ಐದು ಜಾಬಿಗೆ ನಂಬರ್ ಹಾಕಿ ಅಳೆದು ಬರೆಯಿರಿ. ಚೀಟಿ ಮುಚ್ಚಿಟ್ಟು, ಕ್ರಮ ಬದಲಿಸಿ ಮತ್ತೆ ಅಳೆಯಿರಿ. ಒಂದೇ ಜಾಬಿನ ಎರಡು ಅಂಕಿಗಳ ನಡುವೆ 0.02ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ಒತ್ತಡ ಒಂದೇ ತೆರನಾಗಿಲ್ಲ ಎಂದರ್ಥ. ಇದು ಸರಿಯಾಗುವವರೆಗೆ ಸೆಟ್ಟರ್ ಹತ್ತಿರ ಹೋಗಬೇಡಿ. ಹೋಗುವಾಗ ಹೀಗೆ ಹೇಳಿ: ‘ಅಣ್ಣಾರ, ಬೆನ್ನಬೆನ್ನಿಗೆ ಮೂರು ಪೀಸ್ ನೋಡೇನ್ರಿ. ಓಡಿ (ಹೊರ ವ್ಯಾಸ) 40.06, 40.07, 40.07 ಬರಾಕತ್ತೈತಿ, ಆರಿದ ಮ್ಯಾಲ ಅಳದದ್ದು. ಮೈಕ್ರೋಮೀಟರ್‌ದಾಗೂ ಹಂಗ ಐತ್ರಿ. ಆಫ್‌ಸೆಟ್ ನೋಡ್ತೀರೇನ್ರಿ?’ ಎಷ್ಟು ಪೀಸ್, ಯಾವ ಸ್ಥಿತಿಯಲ್ಲಿ, ಯಾವುದರಿಂದ ತಾಳೆ ನೋಡಿದ್ದು, ಎಲ್ಲ ಇದರಲ್ಲಿದೆ. ತೀರ್ಮಾನವನ್ನು ಹಿರಿಯರಿಗೇ ಬಿಟ್ಟಿದೆ. ‘ಸೈಜ್ ಹೋಗ್ಯಾವ್ರಿ’ ಎನ್ನುವುದಕ್ಕೂ ಇದಕ್ಕೂ ಅಜಗಜಾಂತರ. ಅದೇ ಅಂಕಿಗಳನ್ನು ಸಮಯ, ಜಾಬ್ ನಂಬರ್ ಸಮೇತ ಒಂದು ಜೇಬು ಡೈರಿಯಲ್ಲಿ ಬರೆದಿಡಿ. ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಬದಲಿಸಿದ ಮೇಲೆ ಎಷ್ಟು ಪೀಸಿಗೆ ಸೈಜ್ ಏರತೊಡಗುತ್ತದೆ ಎಂಬುದು ಕೆಲವೇ ವಾರಗಳಲ್ಲಿ ಅದರಿಂದ ಕಾಣುತ್ತದೆ, ಮತ್ತು ಆ ಲೆಕ್ಕ ಶಾಪಿನಲ್ಲಿ ಬೇರೆ ಯಾರ ಹತ್ತಿರವೂ ಬರಹದಲ್ಲಿ ಇರದೇ ಇರಬಹುದು.

ಕೊಳ್ಳುವ ಮೊದಲು ಕ್ಯೂಎ (ಗುಣಮಟ್ಟ) ವಿಭಾಗದಲ್ಲಿ ವಿಚಾರಿಸಿ. ವಾಹನಗಳ ಬಿಡಿಭಾಗ ಮಾಡುವ, ಐಎಟಿಎಫ್ 16949 ಗುಣಮಟ್ಟ ಪ್ರಮಾಣಪತ್ರ ಇರುವ ಕಾರ್ಖಾನೆಗಳಲ್ಲಿ ಕೆಲಸಗಾರರ ಸ್ವಂತ ಉಪಕರಣಕ್ಕೂ ಕ್ಯಾಲಿಬ್ರೇಶನ್ (ನಿಖರತೆ ಪರೀಕ್ಷೆ) ದಾಖಲೆ ಇರಲೇಬೇಕು. ಕಂಪನಿಯ ಗೇಜ್ ಪಟ್ಟಿಯಲ್ಲಿ ನಂಬರ್ ಹಾಕಿಸಿ, ಸ್ಟಿಕರ್ ಅಂಟಿಸಿಕೊಳ್ಳಿ. ಸ್ಟಿಕರ್ ಇಲ್ಲದ ಕ್ಯಾಲಿಪರ್ ಆಡಿಟ್ ದಿನ ಸಿಕ್ಕಿಬಿದ್ದರೆ ಗಳಿಸಿದ ಹೆಸರೆಲ್ಲ ಹೋಗುತ್ತದೆ.

ಈ ಹೆಸರಿನ ನಕಲಿ ಮಾಲು ಧಾರಾಳವಾಗಿ ಓಡಾಡುತ್ತಿದೆ. ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ದೂರವಿರಿ. ಅಧಿಕೃತ ಡೀಲರ್ ಹತ್ತಿರವೇ ಜಿಎಸ್‌ಟಿ ಬಿಲ್ ಪಡೆದು, ಉಪಕರಣದ ಮೇಲಿನ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಟ್ರೇನಿಯ ಸಂಬಳಕ್ಕೆ ಇದು ಭಾರವೇ. ಸಾಲ ಮಾಡಿ ಕೊಳ್ಳಬೇಡಿ. 0.02 ಮಿ.ಮೀ. ಲೀಸ್ಟ್ ಕೌಂಟಿನ (ಓದಬಹುದಾದ ಅತಿ ಚಿಕ್ಕ ಅಳತೆ) ಒಳ್ಳೆಯ ಸಾದಾ ವರ್ನಿಯರ್ ಬಹಳ ಕಡಿಮೆಗೆ ಸಿಗುತ್ತದೆ, ಸೆಲ್ ಬೇಡ, ಐಎನ್‌ಸಿ ಗೊಂದಲವಿಲ್ಲ. ಗೆರೆ ಓದಲು ಕಣ್ಣು ಪಳಗಬೇಕು ಅಷ್ಟೇ. ಡಯಲ್ ಕ್ಯಾಲಿಪರ್ ಮಾತ್ರ ಬೇಡ, ರ್‍ಯಾಕಿನ ಹಲ್ಲಿಗೆ ಬರ್ ಸಿಕ್ಕಿ ಮುಳ್ಳು ಜಿಗಿಯುತ್ತದೆ. ದಿನವಿಡೀ ಟರ್ನಿಂಗ್, ಮಿಲ್ಲಿಂಗ್ ಜಾಬ್ ಅಳೆಯುವವರು, ಇನ್‌ಸ್ಪೆಕ್ಷನ್‌ಗೆ ಹೋಗುವ ಆಸೆ ಇರುವವರು 500-196-30ನ್ನು ಧೈರ್ಯವಾಗಿ ಕೊಳ್ಳಬಹುದು. ಎರಕದ ಕಚ್ಚಾ ಜಾಬ್ ಮಾತ್ರ ನೋಡುವ ಫೌಂಡ್ರಿಯವರಿಗೆ ಇಷ್ಟು ಖರ್ಚು ಬೇಕಿಲ್ಲ. ಉಸುಕು, ಒರಟು ಮೈಗೆ ಜಾ ಬೇಗ ಸವೆಯುತ್ತದೆ, ಅಲ್ಲಿ ಸಾದಾ ವರ್ನಿಯರೇ ಸರಿ.